ಮಾರ್ಟ್ಲೆಟ್ಟಿನ ಮೊದಲನೇ ಗೇರು

ನನ್ನ ಮೊದಲನೇ ಗಂಡ ಡೆನ್ಜಿಲ್ ಪ್ರಾಬರ್ಟ್‌ನ ಕಣ್ಣು ಹೋಗುತ್ತಿದೆ, ಲೈಸೆನ್ಸನ್ನು ವಾಪಸು ಕಳಿಸಿಬಿಟ್ಟಿದ್ದಾನೆ ಎಂದು ಮಗಳು ಇಮೊಜೆನ್ ಫೋನಿನಲ್ಲಿ ಹೇಳಿದಾಗ, ಅಂತೂ ಆ ಕಾರು ತೊಲಗಿತು ಎಂದು ನನಗೆ ಮೊದಲು ಅನ್ನಿಸಿತು. ಅಯ್ಯೋ ಪಾಪ ಅನ್ನಿಸಿದ್ದು ಆಮೇಲೆ. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಒಂದು ಕಾರನ್ನು ಸವತಿಯಂತೆ ಮನೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಸಂಸಾರ ಮಾಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಕಾರು ತೊಲಗಿರಲಿಲ್ಲ. ಮಗಳು ಫೋನು ಮಾಡಿದ್ದೇ ಕಾರಿನ ವಿಷಯಕ್ಕೆ. ನಮ್ಮ ಕಡೆಯ ಹಳೆಯ ಕಾರುಗಳ ಕ್ಲಬ್ಬಿನವರು ಪ್ರತಿ ಮೇ ತಿಂಗಳಲ್ಲಿ ಒಂದು ಸವಾರಿ ಇಟ್ಟುಕೊಳ್ಳುತ್ತಾರೆ. ಚರ್ಚ್ ಸ್ಟ್ರೆಟನ್ ಪೇಟೆಯಿಂದ ಹೊರಟು, ಬರ್ವೇ ರಸ್ತೆಯಲ್ಲಿ ಲಾಂಗ್ ಮಿಂಡ್ ಗುಡ್ಡ ಹತ್ತಿ, ಆಚೆ ಬದಿ ಇಳಿದು, ಬಿಷಪ್ಸ್ ಕಾಸಲ್ ಊರಿನ ಪಬ್ಬಿನಲ್ಲಿ ಊಟ. ಡೆನ್ಜಿಲ್ ಅದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ನಮ್ಮ ಮದುವೆಯ ದಿನವನ್ನು ಅವನು ಎಷ್ಟೋ ಸಲ ಮರೆತಿದ್ದಾನೆ, ಈ ಸವಾರಿಯನ್ನು ಮರೆತದ್ದಿಲ್ಲ. ಈ ಸಲವೂ ಹೋಗಲೇಬೇಕಂತೆ. ಪಕ್ಕದಲ್ಲಿ ಕೂತಾದರೂ ಸರಿ.

"ಹಾಗಾದ್ರೆ ಕ್ಲಬ್ಬಿನವರು ಯಾರಾದ್ರೂ ಓಡಿಸ್ಲಿ," ಅಂದೆ.

"ಇಬ್ಬರು ಬಂದು ನೋಡಿದ್ರಮ್ಮ. ಅಂಗಳದಲ್ಲೇ ಗೇರು ಕಿರ್ ಅನ್ನಿಸಿದ್ರಂತೆ. ಅಪ್ಪ ಇಬ್ಬರನ್ನೂ ಇಳಿಸಿ ಕಳಿಸಿದ್ರು. ಅದನ್ನ ಓಡಿಸೋಕೆ ಬರೋದು ಇನ್ನೊಬ್ಬರಿಗೆ ಮಾತ್ರ ಅಂತಾರೆ."

ಆ ಇನ್ನೊಬ್ಬರು ಯಾರೆಂದು ನಾನು ಕೇಳಲಿಲ್ಲ. ಕೇಳದಿದ್ದರೆ ಹೇಳುವುದಿಲ್ಲ ಅಂದುಕೊಂಡೆ. ಹೇಳಿದಳು.

ಮಾರ್ಟ್ಲೆಟ್ ಎಂಬ ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂಥ ತಗ್ಗಿನ ಹಸಿರು ಕಾರು. ಮೇಲೆ ಬಟ್ಟೆಯ ಮುಚ್ಚಳ, ಮಳೆ ಬಂದಾಗ ಸೋರುವುದಕ್ಕೆಂದೇ ಹೊಲಿದದ್ದು. ನಾವು ಮದುವೆಯಾದಾಗಲೇ ಅದು ಹಳೆಯದು. ನಾನು ಕಾರು ಓಡಿಸಲು ಕಲಿತದ್ದು ಅದರಲ್ಲೇ, ಏಕೆಂದರೆ ನಮ್ಮ ಹತ್ತಿರ ಬೇರೆ ಕಾರಿರಲಿಲ್ಲ. ಓಡುತ್ತಿರುವಾಗ ಅದನ್ನು ಮೊದಲನೇ ಗೇರಿಗೆ ಇಳಿಸಬೇಕಾದರೆ ಕ್ಲಚ್ಚು ಎರಡು ಸಲ ಒತ್ತಬೇಕು, ನಡುವೆ ಆಕ್ಸಿಲರೇಟರನ್ನು ಹದವಾಗಿ ಒಮ್ಮೆ ತುಳಿಯಬೇಕು. ಹದ ತಪ್ಪಿದರೆ ತಗಡಿನ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಕಿರುಚುತ್ತದೆ. ಪಕ್ಕದಲ್ಲಿ ಡೆನ್ಜಿಲ್ ತನ್ನ ಹಲ್ಲನ್ನೇ ಯಾರೋ ಕಿತ್ತ ಹಾಗೆ ಮುಖ ಮಾಡುತ್ತಿದ್ದ. ಆ ಮುಖ ನೋಡಬಾರದು ಎಂಬ ಹಟಕ್ಕೇ ನಾನು ಕಲಿತೆ.

ಕಾರು ಕೆಟ್ಟಿತು, ರಿಪೇರಿ ಮಾಡಿದೆವು ಎಂದಿದ್ದರೆ ಸಹಿಸಬಹುದಿತ್ತು. ಅದು ಚೆನ್ನಾಗಿ ಓಡತೊಡಗಿದ ಕೂಡಲೇ ಡೆನ್ಜಿಲ್‌ಗೆ ಕೈ ತುರಿಸುತ್ತಿತ್ತು. ಇನ್ನೂ ದೊಡ್ಡ ಕಾರ್ಬುರೇಟರು ಹಾಕಿದರೆ ಹೇಗೆ, ಇನ್ನೂ ಹಗುರದ ಪಿಸ್ಟನ್ನು ಹಾಕಿದರೆ ಹೇಗೆ. ಶನಿವಾರ ಬಿಚ್ಚಿದ್ದು ತಿಂಗಳುಗಟ್ಟಲೆ ಜೋಡಣೆಯಾಗುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಗೇರ್‌ಬಾಕ್ಸು, ಪಾತ್ರೆ ತೊಳೆಯುವ ಸಿಂಕಿನಲ್ಲಿ ಸೀಮೆಎಣ್ಣೆ. ಪಿಸ್ಟನ್ನಿಗೆ ಪಿನ್ನು ಕೂರಿಸಬೇಕಾದರೆ ಅದನ್ನು ಬಿಸಿ ಮಾಡಬೇಕಂತೆ. ಒಂದು ಭಾನುವಾರ ನಾನು ಓವನ್ ತೆರೆದರೆ ಕುರಿಮಾಂಸದ ಕೆಳಗಿನ ತಟ್ಟೆಯಲ್ಲಿ ನಾಲ್ಕು ಪಿಸ್ಟನ್ನುಗಳು ಸಾಲಾಗಿ ಕೂತಿದ್ದವು. ಅವನ ಅಮ್ಮ ಊಟಕ್ಕೆ ಬಂದಿದ್ದರು. ಮಾಂಸದಲ್ಲಿ ಏನೋ ಹೊಸ ರುಚಿ ಇದೆ, ಯಾವ ಮಸಾಲೆ ಎಂದು ಕೇಳಿದರು.

ನಾನು ಬಿಟ್ಟು ಬಂದದ್ದು ಪಿಸ್ಟನ್ನಿಗಾಗಿ ಅಲ್ಲ. ಮಾತಾಡುವಾಗ ಮುಖ ನೋಡದೆ ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ ಉತ್ತರ ಕೊಡುವವನ ಜೊತೆ ಎಷ್ಟು ದಿನ ಅಂತ ಬದುಕುವುದು. ಆಮೇಲೆ ಮಾರ್ಕಸ್ ಸಿಕ್ಕಿದ. ಮಾರ್ಕಸ್‌ನದು ಬ್ಯಾಟರಿ ಕಾರು. ಅದರ ಬಾನೆಟ್ಟು ಎಲ್ಲಿ ತೆರೆಯುತ್ತದೆ ಎಂಬುದೂ ಅವನಿಗೆ ತಿಳಿಯದು. ಅವನನ್ನು ನಾನು ಮೆಚ್ಚಿದ ಕಾರಣಗಳಲ್ಲಿ ಅದೂ ಒಂದು.

ಇಮೊಜೆನ್ ಫೋನು ಇಟ್ಟ ಮೇಲೆ ಮಾರ್ಕಸ್‌ಗೆ ಹೇಳಿದೆ. ಬೇಡ ಅನ್ನುತ್ತಾನೆ, ಅದನ್ನೇ ನೆಪ ಮಾಡಿಕೊಳ್ಳೋಣ ಎಂದುಕೊಂಡಿದ್ದೆ. ಅವನು ಪತ್ರಿಕೆ ಮಡಿಸಿಟ್ಟು, ಪಾಪ, ಒಂದು ದಿನದ ಮಾತು ತಾನೇ, ಹೋಗಿ ಬಾ ಅಂದ. ಒಳ್ಳೆಯ ಗಂಡಸರಿಂದ ಕೆಲವು ಸಲ ಯಾವ ಉಪಯೋಗವೂ ಇಲ್ಲ.

ಮುಂದಿನ ಶನಿವಾರ ಹೋದೆ. ಶೆಡ್ಡು ಇದ್ದ ಹಾಗೇ ಇತ್ತು. ಡೆನ್ಜಿಲ್ ಕೆಲಸದ ನೀಲಿ ಡಂಗರಿ ತೊಟ್ಟು ಸ್ಟೂಲಿನ ಮೇಲೆ ಕೂತಿದ್ದ. ತೆಳ್ಳಗಾಗಿದ್ದ. ನಾನು ಒಳಗೆ ಬಂದರೂ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೇ, "ಬಾ ರೋ. ಕೂತ್ಕೋ," ಅಂದ. ನನ್ನ ಪೂರ್ತಿ ಹೆಸರು ರೋವೀನಾ. ಹಾಗೆ ಮೊಟಕು ಮಾಡುವುದು ಅವನೊಬ್ಬನೇ.

ಇಷ್ಟು ವರ್ಷದ ಮೇಲೂ ಗೋಡೆಯ ಜೊತೆಗೇ ಮಾತಾಡುತ್ತಾನಲ್ಲ ಎಂದು ನನಗೆ ಬಂದ ಕೂಡಲೇ ರೇಗಿತು. ಕೂರಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಚಕ್ರದ ಹಿಂದೆ ಬಗ್ಗಿ ನೋಡಿದೆ. ಅಲ್ಲಿ ಅದೇ ಓಬೀರಾಯನ ಕಾಲದ ಡ್ರಮ್ ಬ್ರೇಕು. ಹಿಂದೆ ಇಳಿಜಾರಿನಲ್ಲಿ ಅದನ್ನು ಎರಡು ಕಾಲಿನಲ್ಲಿ ಒತ್ತಿ ದೇವರನ್ನು ನೆನೆದದ್ದು ನೆನಪಿಗೆ ಬಂತು.

"ಎಂಜಿನ್ನು ದೊಡ್ಡದು ಮಾಡಿದೀಯ," ಅಂದೆ. "ಕಾರ್ಬುರೇಟರು ಎರಡು ಹಾಕಿದೀಯ. ಇಷ್ಟು ವರ್ಷ ಓಡೋದಕ್ಕೆ ಏನು ಬೇಕೋ ಎಲ್ಲ ತಂದು ತುಂಬಿದೀಯ. ನಿಲ್ಲೋದಕ್ಕೆ ಒಂದಾದ್ರೂ ಹಾಕಿದೀಯಾ?"

"ನಿಲ್ಲೋದಕ್ಕೆ ಅಂತ ಯಾರೂ ಸ್ಪೋರ್ಟ್ಸ್ ಕಾರು ತಗೊಳಲ್ಲ."

"ನಾನು ಬರ್ವೇ ಹತ್ತಿ ಆಚೆ ಇಳಿಯೋದಾದ್ರೆ ಮುಂದಿನ ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು ಬೇಕು. ಇಲ್ಲಾಂದ್ರೆ ಬಸ್ಸಿಗೆ ಹೋಗು."

ಅವನು ಬಹಳ ಹೊತ್ತು ವಾದ ಮಾಡಿದ. ಅಸಲು ಬ್ರೇಕು ತೆಗೆದರೆ ಕಾರಿನ ಮರ್ಯಾದೆ ಹೋಗುತ್ತದೆ ಎಂದ. ಅಸಲು ಎಂಜಿನ್ನನ್ನು ಕಿತ್ತು ಬಿಸಾಡಿದಾಗ ಮರ್ಯಾದೆ ಎಲ್ಲಿ ಹೋಗಿತ್ತು ಎಂದು ಕೇಳಿದೆ. ಅದು ಬೇರೆ ಅಂದ. ಹೇಗೆ ಬೇರೆ ಎಂದು ಕೇಳಿದ್ದಕ್ಕೆ ಚಹಾ ಮಾಡಲು ಎದ್ದು ಹೋದ. ನಾನು ಇನ್ನೊಂದು ಷರತ್ತನ್ನೂ ಹಾಕಿದೆ. ಓಡಿಸುವಾಗ ಅವನ ಬಾಯಿಂದ ಒಂದು ಮಾತೂ ಬರಕೂಡದು. ಅದಕ್ಕೂ ಒಪ್ಪಿದ. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು.

ಬ್ರೇಕು ಕೂರಿಸಲು ನಾನೇ ನಿಲ್ಲಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಏಪ್ರಿಲ್ ತಿಂಗಳ ಶನಿವಾರಗಳೆಲ್ಲ ಆ ಶೆಡ್ಡಿನಲ್ಲಿ ಕಳೆದವು. ಅವನ ಕೈಗೆ ಎಲ್ಲ ಗೊತ್ತಿತ್ತು. ನಟ್ಟನ್ನು ಮುಟ್ಟಿದರೆ ಸಾಕು, ಯಾವ ಸ್ಪ್ಯಾನರು ಬೇಕು ಎಂದು ಹೇಳುತ್ತಿದ್ದ. ಆದರೆ ಹೊಸ ಸಾಮಾನು ಅವನ ಕೈಗೆ ಹೊಸದು. ಅದರ ಜೊತೆ ಬಂದ ಹಾಳೆಯನ್ನು ನಾನು ಓದಬೇಕು, ಅವನು ಕೇಳಿಸಿಕೊಂಡು, ಅದು ಶುದ್ಧ ತಪ್ಪು ಎಂದು ಬೇರೆ ರೀತಿ ಮಾಡಬೇಕು, ಅದು ಕೂರದೇ ಇದ್ದಾಗ ನಾನು ಮತ್ತೆ ಅದೇ ಸಾಲನ್ನು ಓದಬೇಕು. ಮೂರನೇ ಸಲ ಓದಿದಾಗ, ಮೊದಲೇ ಸರಿಯಾಗಿ ಓದಬಾರದಿತ್ತಾ ಎನ್ನುತ್ತಿದ್ದ.

ಎಲ್ಲಕ್ಕಿಂತ ಕಷ್ಟವಾದದ್ದು ಬ್ರೇಕಿನ ಗಾಳಿ ತೆಗೆಯುವುದು. ಒಬ್ಬರು ಒಳಗೆ ಕೂತು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ, ಸಣ್ಣ ತಿರುಪನ್ನು ಸಡಿಲಿಸಿ, ಕೊಳವೆಯಲ್ಲಿ ಎಣ್ಣೆಯ ಜೊತೆ ಗುಳ್ಳೆ ಬರುತ್ತಿದೆಯೇ ಎಂದು ನೋಡಿ, ಮತ್ತೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಪೆಡಲು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ, ಕೆಲಸ ಮೊದಲಿನಿಂದ. ಯಾವ ಗಂಡ ಹೆಂಡತಿಯೂ ಈ ಕೆಲಸವನ್ನು ಜೊತೆಗೆ ಮಾಡಬಾರದು. ನಾವು ಹಿಂದೆ ಮಾಡಿದಾಗಲೆಲ್ಲ ನಾನು ಪೆಡಲಿನ ಹತ್ತಿರ, ಅವನು ನೆಲದ ಮೇಲೆ. ಈಗ ಗುಳ್ಳೆ ಅವನಿಗೆ ಕಾಣುವುದಿಲ್ಲ. ಆದ್ದರಿಂದ ಅರವತ್ತು ದಾಟಿದ ನಾನು ತಣ್ಣನೆಯ ಸಿಮೆಂಟಿನ ಮೇಲೆ ಒಂದು ಹಳೇ ಕಂಬಳಿ ಹಾಸಿಕೊಂಡು ಮಲಗಿದೆ.

"ಒತ್ತು," ಅಂದೆ. "ಹಿಡ್ಕೋ. ನಾನು ಹೇಳೋವರೆಗೂ ಬಿಡ್ಬೇಡ."

ಬಿಟ್ಟ.

"ಬಿಡು ಅಂದ್ನಾ ನಾನು?"

"ನೀನು ಹೂಂ ಅಂದ ಹಾಗಾಯ್ತು."

"ಮೊಣಕೈ ನೆಲಕ್ಕೆ ಬಡಿದು ನರಳಿದ್ದು ಅದು. ಹೂಂ ಅಲ್ಲ."

ಹೀಗೇ ಸಂಜೆಯಾಯಿತು. ನಡುವೆ ಅವನು, ನಲವತ್ತು ವರ್ಷದ ಹಿಂದೆ ನೀನೂ ಹೀಗೇ ಮೊದಲೇ ಬಿಡ್ತಿದ್ದೆ ಎಂದು ನೆನಪಿಸಿದ. ನನ್ನ ಕೈಯಲ್ಲಿ ಸ್ಪ್ಯಾನರು ಇತ್ತು. ಕೆಳಗೆ ಇಟ್ಟೆ. ಕೊನೆಗೆ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಯಿತು. ಕಾರನ್ನು ಹೊರಗೆ ತಂದು, ಹಳ್ಳಿಯ ದಾರಿಯಲ್ಲಿ ಸ್ವಲ್ಪ ಓಡಿಸಿ, ಬ್ರೇಕು ಒತ್ತಿದೆ. ನಿಂತಿತು. ಎಳೆಯದೆ, ಕುಣಿಯದೆ, ಸುಮ್ಮನೆ ನಿಂತಿತು. ಡೆನ್ಜಿಲ್‌ನ ಟೋಪಿ ಮುಂದಕ್ಕೆ ಹಾರಿ ಗಾಜಿಗೆ ಬಡಿಯಿತು. ಅದನ್ನು ತಡಕಾಡಿ ಎತ್ತಿಕೊಂಡು, "ಪರವಾಗಿಲ್ಲ," ಅಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಸವಾರಿಯ ದಿನ ಬೆಳಿಗ್ಗೆ ಬಿಸಿಲಿತ್ತು. ಪೇಟೆಯ ಕಾರು ನಿಲ್ದಾಣದಲ್ಲಿ ಕ್ಲಬ್ಬಿನ ಕಾರುಗಳೆಲ್ಲ ಸೇರಿದ್ದವು. ಮುದುಕರು ಒಬ್ಬರ ಬಾನೆಟ್ಟನ್ನೊಬ್ಬರು ತೆರೆದು ನೋಡಿ, ಚೆನ್ನಾಗಿದೆ ಎಂದು ಬಾಯಲ್ಲಿ ಹೇಳಿ, ಮನಸ್ಸಿನಲ್ಲಿ ಬೇರೆ ಏನೋ ಅಂದುಕೊಂಡು ಬೇಕನ್ ಬನ್ನು ತಿನ್ನುತ್ತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಆಡ್ರಿ ಬೆವನ್ ಎಂಬುವಳು, ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು, ನಮ್ಮ ಹಿಂದೆಯೇ ತಾನು ಬರುವುದಾಗಿ ಹೇಳಿದಳು. ಏನಾದರೂ ಕೆಟ್ಟರೆ ತನ್ನ ಹತ್ತಿರ ಹಗ್ಗ ಇದೆ ಎಂದಳು. ಡೆನ್ಜಿಲ್ ಅವಳಿಗೆ, ನಮಗೆ ಹಗ್ಗ ಬೇಕಾಗೋದಿಲ್ಲ ಎಂದು ಠೀವಿಯಿಂದ ಹೇಳಿದ.

ಬರ್ವೇ ರಸ್ತೆ ಮೊದಲು ಮನೆಗಳ ನಡುವೆ ಹೋಗಿ, ದನಕರು ದಾಟದಂತೆ ಹಾಕಿದ ಕಬ್ಬಿಣದ ಸರಳುಗಳ ಮೇಲೆ ದಡದಡನೆ ಹಾದು, ಆಮೇಲೆ ಒಂದೇ ಸಮನೆ ಏರುತ್ತದೆ. ಒಂದು ಕಾರಿನ ಅಗಲ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ತಡೆಯೇ ಇಲ್ಲದ ಕಣಿವೆ. ಡೆನ್ಜಿಲ್ ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಆದರೆ ಬಾಯಿ ಮುಚ್ಚಿಕೊಂಡು ಎಷ್ಟು ಮಾತಾಡಬಹುದೋ ಅಷ್ಟನ್ನೂ ಆಡುತ್ತಿದ್ದ. ನಾನು ಗೇರು ಬದಲಿಸುವುದು ಸ್ವಲ್ಪ ತಡವಾದರೆ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎಂಜಿನ್ನು ಏದುಸಿರು ಬಿಟ್ಟರೆ ಅವನೂ ಬಿಡುತ್ತಿದ್ದ. ಮಾತಾಡಿದ್ದರೇ ವಾಸಿ ಎಂದು ನನಗೆ ಅನ್ನಿಸಿತು.

ಕಡಿದಾದ ತಿರುವಿನಲ್ಲಿ ಎರಡನೇ ಗೇರು ಸಾಲದೆ ಕಾರು ಮುಗ್ಗರಿಸತೊಡಗಿತು. ಕ್ಲಚ್ಚು ಒತ್ತಿದೆ, ಬಿಟ್ಟೆ, ಒಂದು ಸಲ ಆಕ್ಸಿಲರೇಟರು ತುಳಿದೆ, ಮತ್ತೆ ಕ್ಲಚ್ಚು ಒತ್ತಿ ಮೊದಲನೇ ಗೇರಿಗೆ ತಳ್ಳಿದೆ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಒಂದು ಸಣ್ಣ ಸದ್ದೂ ಇಲ್ಲ. ಇಷ್ಟು ವರ್ಷ ಬೇರೆ ಬೇರೆ ಕಾರು ಓಡಿಸಿದ ಕಾಲು ಇದನ್ನು ಮರೆತೇ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಅವನಿಗೆ ತೋರಿಸಬಾರದೆಂದು ಮುಖ ಗಂಟು ಹಾಕಿಕೊಂಡೆ.

ತಿರುವು ದಾಟಿ ಸ್ವಲ್ಪ ಮುಂದೆ ಹೋದದ್ದೇ ಎಂಜಿನ್ನು ಎರಡು ಸಲ ಕೆಮ್ಮಿ ಆರಿತು. ಬ್ರೇಕು ಒತ್ತಿದೆ, ಹ್ಯಾಂಡ್ ಬ್ರೇಕು ಎಳೆದೆ. ಹೊಸ ಬ್ರೇಕು ಕಾರನ್ನು ಗುಡ್ಡಕ್ಕೆ ಮೊಳೆ ಹೊಡೆದ ಹಾಗೆ ಹಿಡಿದುಕೊಂಡಿತು. ಸುತ್ತ ನಿಶ್ಶಬ್ದ. ಒಂದು ಕುರಿ ರಸ್ತೆಯ ನಡುವೆ ಮಲಗಿ ನಮ್ಮನ್ನೇ ನೋಡುತ್ತಿತ್ತು.

ಡೆನ್ಜಿಲ್ ಕಿವಿ ನಿಮಿರಿಸಿ ಕೂತಿದ್ದ. "ಟಿಕ್ ಟಿಕ್ ಬರ್ತಿಲ್ಲ," ಅಂದ.

"ಯಾವ ಟಿಕ್ ಟಿಕ್? ಈ ಕಾರು ಹುಟ್ಟಿದಾಗಿಂದ ಯಾವತ್ತೂ ಟಿಕ್ ಅಂದಿಲ್ಲ."

ಅವನು ಟೋಪಿಯನ್ನು ಕೆಳಗೆ ಎಳೆದುಕೊಂಡ. ನನಗೆ ತಿಳಿಯಿತು.

"ಡೆನ್ಜಿಲ್. ಏನು ಮಾಡಿದೆ ನೀನು?"

ನಿನ್ನೆ ಮಾಡಿದ್ದಂತೆ. ಹಳೆಯ ಪೆಟ್ರೋಲ್ ಪಂಪನ್ನು ತೆಗೆದು, ಟಿಕ್ ಟಿಕ್ ಎನ್ನುತ್ತಾ ವಿದ್ಯುತ್ತಿನಿಂದ ನಡೆಯುವ ಹೊಸ ಪಂಪನ್ನು ಹಿಂದೆ ಡಿಕ್ಕಿಯಲ್ಲಿ ಕೂರಿಸಿದ್ದನಂತೆ. ಹಳೆಯದು ಕೆಟ್ಟಿತ್ತೇ ಎಂದು ಕೇಳಿದೆ. ಕೆಟ್ಟಿರಲಿಲ್ಲವಂತೆ. ಹಾಗಾದರೆ ಯಾಕೆ ಎಂದು ಕೇಳಿದೆ. ಏರಿನಲ್ಲಿ ಪೆಟ್ರೋಲು ಇನ್ನೂ ಚೆನ್ನಾಗಿ ಬರಲಿ ಎಂದು ಹಾಕಿದ್ದಂತೆ. ಏರಿನಲ್ಲಿ ಪೆಟ್ರೋಲು ಈಗ ಬರುತ್ತಲೇ ಇರಲಿಲ್ಲ.

ಹಿಂದೆ ಆಡ್ರಿಯ ಕಾರು ಬಂದು ನಿಂತಿತು. ಅವಳ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು, ಗುಡ್ಡದ ಕೆಳಗಿನವರೆಗೂ. ಯಾರೋ ಹಾರ್ನು ಒತ್ತಿದರು. ಆಡ್ರಿ ಇಳಿದು ಬಂದು, ಹಿಂದಿನ ಚಕ್ರಕ್ಕೆ ಎರಡು ಕಲ್ಲು ಕೊಟ್ಟು, ಹಗ್ಗ ತರಲೇ ಎಂದು ಕೇಳಿದಳು. ಡೆನ್ಜಿಲ್ ಬೇಡ ಅಂದ. ನಾನು ಇಳಿದು ಡಿಕ್ಕಿ ತೆರೆದೆ. ಅವನು ಕಾರಿನ ಮೈ ಸವರುತ್ತಾ ಹಿಂದಕ್ಕೆ ಬಂದು, ಪಂಪಿನ ಮೇಲೆ ಕೈಯಿಟ್ಟು, ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ.

"ಈ ಕಪ್ಪು ತಂತಿ ಎಲ್ಲಿಗೆ ಹೋಗಿದೆ, ಹೇಳು," ಅಂದ. ಹೇಳುವಾಗ ಅವನ ಮುಖ ಕಣಿವೆಯ ಕಡೆಗಿತ್ತು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಆಡ್ರಿ ಇದ್ದಾಳೆ, ಕ್ಲಬ್ಬಿನವರೆಲ್ಲ ಕೇಳಿಸಿಕೊಳ್ಳುತ್ತಾರೆ ಎಂಬುದೂ ನೆನಪಾಗಲಿಲ್ಲ.

"ನನ್ನ ಹತ್ರ ಮಾತಾಡೋವಾಗ ನನ್ನ ಮುಖ ನೋಡಿ ಮಾತಾಡು," ಅಂದೆ. "ಮದುವೆ ಆದಾಗಿಂದ ಇದೇ ಆಯ್ತು. ಬಾನೆಟ್ಟು ನೋಡ್ತೀಯ, ಗೋಡೆ ನೋಡ್ತೀಯ, ಈಗ ಕಣಿವೆ ನೋಡ್ತಿದೀಯ. ಆ ಕಣಿವೇಲಿ ಏನಿದೆ?"

"ಕಣಿವೆ ಕಾಣ್ತಿಲ್ಲ ರೋ. ನಿನ್ನನ್ನೇ ನೋಡ್ತಿದೀನಿ." ಅವನು ಹಾಗೇ ಆಚೆ ಮುಖ ಮಾಡಿಕೊಂಡೇ ಹೇಳಿದ. "ನಡುವಿನ ಕಣ್ಣು ಹೋಗಿದೆ. ನೇರ ನೋಡಿದ್ರೆ ನಿನ್ನ ಜಾಗದಲ್ಲಿ ಒಂದು ಕಪ್ಪು ಮಚ್ಚೆ. ಹೀಗೆ ಬೇರೆ ಕಡೆ ತಿರುಗಿದ್ರೆ ಅಂಚಲ್ಲಿ ಸ್ವಲ್ಪ ಕಾಣ್ತೀಯ."

ಆಡ್ರಿ ಕಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಬಗ್ಗಿದಳು.

"ಕೂದಲು ಕತ್ತರಿಸಿಕೊಂಡಿದೀಯ," ಅಂದ ಅವನು.

"ಅದಾಗಿ ಹತ್ತು ವರ್ಷ ಆಯ್ತು."

"ಚೆನ್ನಾಗಿದೆ."

ಹಾಗಾದರೆ ಏಪ್ರಿಲ್ ಪೂರ್ತಿ ಶೆಡ್ಡಿನಲ್ಲಿ ಅವನು ಗೋಡೆಯ ಕಡೆಗೆ ತಿರುಗಿದ್ದಾಗಲೆಲ್ಲ ನನ್ನನ್ನೇ ನೋಡುತ್ತಿದ್ದ. ಇದನ್ನು ಮೊದಲ ದಿನವೇ ಹೇಳಬಹುದಿತ್ತು. ಹೇಳಿದ್ದರೆ ನಾನು ಅಷ್ಟು ಸಲ ರೇಗಬೇಕಾಗಿರಲಿಲ್ಲ. ಅದಕ್ಕೂ ರೇಗಿತು. ಆದರೆ ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ಡಿಕ್ಕಿಯೊಳಗೆ ತಲೆ ಹಾಕಿದೆ.

ಕಪ್ಪು ತಂತಿಯನ್ನು ಕಾರಿನ ಮೈಗೆ ಒಂದು ಬೋಲ್ಟಿನಿಂದ ಬಿಗಿದಿದ್ದ. ಬೋಲ್ಟಿನ ಕೆಳಗೆ ಬಣ್ಣ ಹಾಗೇ ಇತ್ತು. ಹೇಳಿದೆ. ಅವನು ನಾಲಿಗೆ ಕಚ್ಚಿಕೊಂಡ. ಅಲ್ಲಿ ಬಣ್ಣ ಕೆರೆದು ಬರಿಯ ಲೋಹಕ್ಕೆ ತಂತಿ ಮುಟ್ಟಿಸಬೇಕಂತೆ, ಬಣ್ಣದ ಮೇಲೆ ಬಿಗಿದರೆ ಕುಲುಕಾಟಕ್ಕೆ ಕರೆಂಟು ತಪ್ಪುತ್ತದಂತೆ. ಕೆರೆದಿದ್ದನಂತೆ, ಆದರೆ ಬೆರಳಿಗೆ ತಿಳಿಯದೆ ಪಕ್ಕದಲ್ಲಿ ಕೆರೆದಿದ್ದ. ಪಕ್ಕದಲ್ಲಿ ನಿಜವಾಗಿಯೂ ಒಂದು ಕಾಸಿನಗಲ ಹೊಳೆಯುತ್ತಿತ್ತು. ನನ್ನ ಕೈಚೀಲದಲ್ಲಿ ಉಗುರು ಉಜ್ಜುವ ಅರ ಇತ್ತು. ಅದರಿಂದ ಸರಿಯಾದ ಜಾಗದಲ್ಲಿ ಬಣ್ಣ ಕೆರೆದೆ. ಅವನು ಬೋಲ್ಟು ಬಿಗಿದ. ಕೀಲಿ ತಿರುಗಿಸಿದೆ. ಡಿಕ್ಕಿಯಿಂದ ಟಿಕ್ ಟಿಕ್ ಟಿಕ್ ಎಂದು ಕೇಳಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಆ ಏರಿನಲ್ಲಿ ಹೊರಡುವಾಗ ಕ್ಲಚ್ಚನ್ನು ಬಹಳ ಹೊತ್ತು ಹಿಡಿಯಬೇಕಾಯಿತು. ನನ್ನ ಎಡ ಮಂಡಿ ನೋವಿನಿಂದ ಕೂಗಿಕೊಂಡಿತು. ನಾನು ಕೂಗಲಿಲ್ಲ.

ಬಿಷಪ್ಸ್ ಕಾಸಲ್ ತಲುಪಿದಾಗ ಮಾಂಸದ ಕಡುಬೆಲ್ಲ ಖಾಲಿಯಾಗಿ ಬಟಾಣಿ ಸೂಪು ಉಳಿದಿತ್ತು. ಡೆನ್ಜಿಲ್ ಎಲ್ಲರಿಗೂ ನನ್ನ ಗೇರಿನ ಕತೆ ಹೇಳಿದ. ಪಂಪಿನ ಕತೆ ಹೇಳಲಿಲ್ಲ. ಅದನ್ನು ನಾನು ಹೇಳಿದೆ.

ಅದು ಒಂದು ದಿನದ ಮಾತು ತಾನೇ ಎಂದು ಮಾರ್ಕಸ್ ಹೇಳಿದ್ದ. ಜೂನಿನಲ್ಲಿ ಎರಡು ಭಾನುವಾರ, ಜುಲೈನಲ್ಲಿ ಮೂರು ಭಾನುವಾರ ಅವನನ್ನು ಕಾರಿನಲ್ಲಿ ಸುತ್ತಾಡಿಸಲು ಡೆನ್ಜಿಲ್ ಮನೆಗೆ ಹೋದದ್ದಾಯಿತು. ಪ್ರತಿ ಸಲವೂ ಇದೇ ಕೊನೆ ಎಂದು ಹೇಳಿಯೇ ಹೊರಡುತ್ತಿದ್ದೆ. ಮಾರ್ಕಸ್ ಇಬ್ಬರಿಗೂ ಸ್ಯಾಂಡ್‌ವಿಚ್ಚು ಕಟ್ಟಿಕೊಡುತ್ತಿದ್ದ. ಡೆನ್ಜಿಲ್‌ಗೆ ಉಪ್ಪಿನಕಾಯಿ ಹೆಚ್ಚು ಹಾಕು ಎಂದು ನಾನು ಹೇಳುತ್ತಿದ್ದೆ. ನಾವು ಮೂವರೂ ಎಂಥ ವಿಚಿತ್ರ ಜನ ಎಂದು ಇಮೊಜೆನ್ ನಗುತ್ತಿದ್ದಳು.

ಆಗಸ್ಟಿನಲ್ಲಿ ನಾನು, ಮಾರ್ಕಸ್ ಕಾರ್ನ್‌ವಾಲ್‌ಗೆ ರಜೆಗೆ ಹೋಗಿ ಬಂದೆವು. ಬಂದ ಮೇಲೆ ಡೆನ್ಜಿಲ್‌ನ ಮನೆಗೆ ಹೋದರೆ ಶೆಡ್ಡಿನ ನೆಲದ ಮೇಲೆ ಒಂದು ಗೋಣಿಚೀಲ ಹಾಸಿತ್ತು, ಅದರ ಮೇಲೆ ಮಾರ್ಟ್ಲೆಟ್ಟಿನ ಗೇರ್‌ಬಾಕ್ಸು ಕೂತಿತ್ತು. ಅಸಲು ಗೇರ್‌ಬಾಕ್ಸು. ಕಾರಿನೊಳಗೆ ಐದು ಗೇರಿನ ಹೊಸದು, ಜೊತೆಗೆ ಹೊಸ ಕ್ಲಚ್ಚು. ಕ್ಲಬ್ಬಿನ ನಾಲ್ಕು ಜನ ಸೇರಿ ಎಂಜಿನ್ನು ಇಳಿಸಿ ಕೂರಿಸಿಕೊಟ್ಟಿದ್ದರಂತೆ. ಆಡ್ರಿ ಒಂದು ಸುತ್ತು ಓಡಿಸಿಯೂ ನೋಡಿದ್ದಳಂತೆ. ಈಗ ಯಾರು ಬೇಕಾದರೂ ಓಡಿಸಬಹುದು ಎಂದ.

ನಾನು ಕಾರನ್ನು ಹೊರಗೆ ತೆಗೆದು, ಹಳ್ಳಿಯ ದಾರಿಯಲ್ಲಿ ಓಡಿಸಿದೆ. ಎರಡು ಬೆರಳಿನಲ್ಲಿ ಗೇರು ಬೀಳುತ್ತಿತ್ತು. ಕ್ಲಚ್ಚು ಮುಟ್ಟಿದರೆ ಸಾಕು. ಯಾವ ಹದವೂ ಬೇಕಿಲ್ಲ, ಯಾವ ತಾಳವೂ ಬೇಕಿಲ್ಲ. ಬಹಳ ಒಳ್ಳೆಯ ಗೇರ್‌ಬಾಕ್ಸು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅಂಗಳಕ್ಕೆ ತಂದು ನಿಲ್ಲಿಸಿದ ಮೇಲೂ ಸ್ಟಿಯರಿಂಗು ಹಿಡಿದೇ ಕೂತಿದ್ದೆ.

"ಹೇಗಿದೆ?" ಎಂದು ಕೇಳಿದ.

"ಚೆನ್ನಾಗಿದೆ. ಆದ್ರೆ ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

"ನಾನು ಬರೋದು ಬೇಡ ಅನ್ನಿಸಿದ್ರೆ ಬಾಯಿ ಬಿಟ್ಟು ಹೇಳು ಮಾರಾಯ. ಅಷ್ಟಕ್ಕೆ ಎಂಜಿನ್ನು ಇಳಿಸಬೇಕಾಗಿತ್ತಾ? ಆಡ್ರಿ ಓಡಿಸ್ತಾಳೆ, ಓಡಿಸ್ಲಿ."

ಅವನು ಬಾಗಿಲಿನ ಅಂಚನ್ನು ಬೆರಳಿನಿಂದ ಉಜ್ಜಿದ.

"ಕ್ಲಚ್ಚು ಒತ್ತೋವಾಗೆಲ್ಲ ನೀನು ಉಸಿರು ಬಿಗಿ ಹಿಡೀತಿದ್ದೆ," ಅಂದ. "ಬರ್ವೇಲಿ ಗೊತ್ತಾಯ್ತು. ಆಮೇಲೆ ಪ್ರತಿ ಸಲ. ಕಣ್ಣು ಕಾಣದಿದ್ರೆ ಅಂಥದ್ದೆಲ್ಲ ಕೇಳಿಸುತ್ತೆ. ಎಡ ಮಂಡಿ ಅಲ್ವಾ? ಒಂದು ದಿನ ಆ ಮಂಡಿ ಕೈ ಕೊಟ್ರೆ ನೀನು ಬರೋದು ನಿಂತುಹೋಗುತ್ತೆ. ಈ ಗೇರಾದ್ರೆ ಇನ್ನೊಂದಷ್ಟು ವರ್ಷ ಬರ್ತೀಯ ಅಂತ."

ಜೀವಮಾನವಿಡೀ ಆ ಕಾರಿಗೆ ಅವನು ಏನೇನೋ ಮಾಡಿದ್ದ. ಎಲ್ಲ ಕಾರಿಗಾಗಿ. ತಾನಾಗಿ ಯೋಚಿಸಿ ನನಗಾಗಿ ಮಾಡಿದ್ದು ಇದೊಂದೇ, ಅದನ್ನೂ ನನ್ನನ್ನು ಕೇಳದೆ, ನಾನು ಊರಿನಲ್ಲಿಲ್ಲದಾಗ, ನನಗೆ ಆ ಕಾರಿನಲ್ಲಿ ಇಷ್ಟವಾಗಿದ್ದ ಒಂದೇ ಒಂದು ವಸ್ತುವನ್ನು ಕಿತ್ತು ಹಾಕಿ ಮಾಡಿದ್ದ. ಅದು ಇಷ್ಟವೆಂದು ನನಗೇ ಅವತ್ತಿನವರೆಗೆ ಗೊತ್ತಿರಲಿಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು. ಬೈಯಲೂ ಆಗಲಿಲ್ಲ, ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ಚಹಾ ಮಾಡ್ತೀಯಾ ಎಂದು ಕೇಳಿದೆ. ಮಾಡಿದ. ಸಕ್ಕರೆ ಎರಡು ಸಲ ಹಾಕಿದ್ದ. ಕುಡಿದೆ.

ಸೆಪ್ಟೆಂಬರಿನಲ್ಲಿ ಅಬರಿಸ್ಟ್‌ವಿತ್‌ಗೆ ಹೋದೆವು, ಸಮುದ್ರದವರೆಗೂ. ಅಷ್ಟು ದೂರ ಆ ಕಾರು ಹಿಂದೆ ಯಾವತ್ತೂ ಎಲ್ಲೂ ಕೆಡದೆ ಹೋದದ್ದಿಲ್ಲ. ನಾನೇ ಓಡಿಸಿದೆ. ಮಂಡಿ ಸೊಲ್ಲೆತ್ತಲಿಲ್ಲ. ದಂಡೆಯ ಬೆಂಚಿನ ಮೇಲೆ ಕೂತು ಕರಿದ ಮೀನು, ಆಲೂಗಡ್ಡೆ ತಿಂದೆವು. ಗಾಳಿ ಜೋರಾಗಿತ್ತು, ವಿನಿಗರಿನ ಹನಿಗಳೆಲ್ಲ ಅವನ ಕೋಟಿನ ಮೇಲೆ ಬಿದ್ದವು. ಕಾರು ನಮ್ಮ ಹಿಂದೆ ಸುಮ್ಮನೆ ನಿಂತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಬಾನೆಟ್ಟು ತೆರೆಯಲು ಅವನಿಗೆ ಒಂದು ನೆಪವೂ ಸಿಕ್ಕಿರಲಿಲ್ಲ. ಅದಕ್ಕೇ ಅವನ ಮುಖ ಬಾಡಿತ್ತು.

ವಾಪಸು ಬರುವಾಗ ಬೆಟ್ಟದ ತಿರುವುಗಳಲ್ಲಿ ಕಿವಿಗೊಟ್ಟು ಕೂತಿದ್ದವನು ಮೆಲ್ಲಗೆ ಕೇಳಿದ.

"ಸ್ಟಿಯರಿಂಗು ಸ್ವಲ್ಪ ಭಾರ ಅಲ್ವಾ ರೋ?"

"ಏನೂ ಭಾರ ಇಲ್ಲ. ಅದನ್ನ ಮುಟ್ಟಿದ್ರೆ ನೋಡು," ಅಂದೆ.

ಭಾರವಾಗಿಯೇ ಇತ್ತು.